ನೆನಪಿನ ಕವಿತೆಯ ಛಂದಸ್ಸು, ಪ್ರಾಸ, ಪುನರಾವರ್ತನೆ: ಪದೇ ಪದೇ ಕೇಳುವ ಪ್ರಶ್ನೆಗಳು

ನೆನಪಿನ ಬಗ್ಗೆ ಇರುವ ಕವಿತೆ ಕೈಗೆ ಸಿಕ್ಕ ಕೂಡಲೇ ಎಲ್ಲರೂ ಅದರ ನೋವಿನ ಬಗ್ಗೆ ಮಾತಾಡುತ್ತಾರೆ. ಸ್ವಲ್ಪ ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ) ಎಣಿಸೋಣ ಅಂದರೆ ಮುಖ ಸಪ್ಪಗಾಗುತ್ತದೆ. ಲೆಕ್ಕ ಹಾಕಿದರೆ ರಸ ಹಾಳಾಗುತ್ತದೆ ಅನ್ನುವ ಭಯ. ನನಗೆ ಹಾಗೆ ಅನಿಸಿಲ್ಲ. ಕವಿತೆ ಬಿಡಿಸಿ ಓದಲು ಕೂತವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು.

ಅರ್ಥ ಗೊತ್ತಾದರೆ ಸಾಲದಾ? ಛಂದಸ್ಸು ಯಾಕೆ ನೋಡಬೇಕು?

ಬೇರೆ ಕವಿತೆಗೆ ಸಾಲಬಹುದೇನೋ. ನೆನಪಿನ ಕವಿತೆಗೆ ಸಾಲುವುದಿಲ್ಲ. ಯಾಕೆಂದರೆ ಛಂದಸ್ಸು, ಪ್ರಾಸ, ಪುನರಾವರ್ತನೆ ಈ ಮೂರೂ ಹಿಂದಿನಿಂದ ನೆನಪಿಟ್ಟುಕೊಳ್ಳುವ ಉಪಾಯಗಳಾಗಿ ಬಂದಿವೆ. ಬರೆದಿಡದೆ ಬಾಯಿಂದ ಬಾಯಿಗೆ ದಾಟಿಸಬೇಕಾದಾಗ ಮಾತಿಗೆ ಒಂದು ಕಟ್ಟು ಬೇಕಿತ್ತು. ವೇದ ಹೇಳಿಕೊಡುವವರಲ್ಲಿ ಘನಪಾಠ ಅಂತ ಇದೆ. ಮೂರು ಪದಗಳಿದ್ದರೆ ಹೇಳುವ ಕ್ರಮ ಹೀಗೆ: ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು. ಇದರಿಂದ ಅರ್ಥಕ್ಕೆ ಏನೂ ಸೇರುವುದಿಲ್ಲ. ಒಂದಕ್ಷರವೂ ಜಾರಬಾರದು ಅನ್ನುವುದಷ್ಟೇ ಉದ್ದೇಶ. ಇನ್ನೊಂದು ತಮಾಷೆ ನೋಡಿ. ಛಂದಸ್ಸಿನ ಅಕ್ಷರಗಣಗಳನ್ನು, ಅಂದರೆ ಮೂರು ಮೂರು ಅಕ್ಷರದ ಗುಂಪುಗಳನ್ನು, ನೆನಪಿಡಲು ನಾವು ಹೇಳುವ ‘ಯಮಾತಾರಾಜಭಾನಸಲಗಂ’ ಅನ್ನುವುದೂ ಬಾಯಿಪಾಠದ ಒಂದು ಗಂಟೇ.

ಅಂದರೆ ನೆನಪಿನ ಬಗ್ಗೆ ಹೇಳುವ ಕವಿತೆಯ ಕೈಯಲ್ಲಿ ನೆನಪಿನ ಹತ್ಯಾರೇ ಇರುತ್ತದೆ. ಅದು ಯಾವ ಸಾಲನ್ನು ಹಾಗೇ ವಾಪಸ್ ತಂದಿತು, ಯಾವುದನ್ನು ಸ್ವಲ್ಪ ತಪ್ಪಾಗಿ ತಂದಿತು, ಎಲ್ಲಿ ತರಲಾಗದೆ ನಿಂತುಬಿಟ್ಟಿತು? ನಾನು ಹುಡುಕುವುದು ಇದನ್ನೇ. ಕೆಳಗಿನ ಉತ್ತರಗಳೆಲ್ಲ ಇದರ ಸುತ್ತಲೇ ಇವೆ.

ಎಲ್ಲಿಂದ ಶುರು ಮಾಡಬೇಕು?

ಬಾಯಿಂದ. ಪೆನ್ಸಿಲ್ ಆಮೇಲೆ. ಕವಿತೆಯನ್ನು ಮೂರು ಸಲ ಜೋರಾಗಿ ಓದಿ. ಮೊದಲ ಸಲ ಅರ್ಥಕ್ಕೆ, ಎರಡನೇ ಸಲ ತಾಳಕ್ಕೆ, ಮೂರನೇ ಸಲ ಎಲ್ಲಿ ನಾಲಿಗೆ ತಡವರಿಸುತ್ತದೆ ಅಂತ ನೋಡುವುದಕ್ಕೆ. ತಡವರಿಸಿದ ಜಾಗಕ್ಕೆ ಒಂದು ಚುಕ್ಕೆ ಇಡಿ, ಸಾಕು.

ಉದಾಹರಣೆಗೆ ಒಂದು ಕವಿತೆ ಬೇಕಲ್ವಾ? ಬೇರೆಯವರದನ್ನು ಕತ್ತರಿಸುವ ಬದಲು 12 ಸಾಲು ನಾನೇ ಕಟ್ಟಿದ್ದೇನೆ. ದೊಡ್ಡ ಕವಿತೆಯೇನಲ್ಲ. ಆದರೆ ನಮ್ಮ ಕೆಲಸಕ್ಕೆ ಬೇಕಾದ್ದೆಲ್ಲ ಇದರಲ್ಲಿದೆ.

ಹಳೆಯ ಬಾಗಿಲು ತೆರೆಯಿತೇಕೋ
ಒಳಗೆ ಯಾರೂ ಇರದೆಯೇ
ಬೆಳಕು ಮೆಲ್ಲನೆ ಕರೆಯಿತೇಕೋ
ಬಳಿಗೆ ನನ್ನನು ಬಿಡದೆಯೇ

ಅವಳ ದನಿಯೋ ಗಾಳಿಯುಲಿಯೋ
ಕವಿದ ಮಂಜಿನ ಮರೆಯಲಿ
ಸವೆದ ಹೊಸಿಲಿನ ಮೇಲೆ ನೆರಳೋ
ಹೇಗೆ ನಾನದ ಮರೆಯಲಿ

ಹಳೆಯ ಬಾಗಿಲು ತೆರೆಯಿತೇಕೋ
ಒಳಗೆ ಯಾರೋ ಇರುವರೇ
ಅವಳ ಹೆಸರು...
ಬಳಿಗೆ ನನ್ನನು ಬಿಡದೆಯೇ

ಮುಂದೆ ಸಾಲಿನ ಸಂಖ್ಯೆ ಹೇಳಿದಾಗ ಮೇಲಿನಿಂದ 1ರಿಂದ 12ರವರೆಗೆ ಎಣಿಸಿಕೊಳ್ಳಿ.

ಲಘು, ಗುರು ಹಾಕುವುದು ಮರೆತುಹೋಗಿದೆ. ಚುಟುಕಾಗಿ ಹೇಳ್ತೀರಾ?

ಹ್ರಸ್ವ ಅಕ್ಷರ ಲಘು, ಅದಕ್ಕೆ 1 ಮಾತ್ರೆ. ದೀರ್ಘ ಅಕ್ಷರ ಗುರು, ಅದಕ್ಕೆ 2 ಮಾತ್ರೆ. ಅನುಸ್ವಾರ, ವಿಸರ್ಗ ಇರುವ ಅಕ್ಷರವೂ ಗುರು. ಐ, ಔ ಸ್ವರ ಇದ್ದರೂ ಗುರು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಸ್ವರವಿಲ್ಲದ ವ್ಯಂಜನ ಮುಂದೆ ಬಂದರೂ ಹಿಂದಿನದು ಗುರು. ಸಾಲಿನ ಕೊನೆಯ ಅಕ್ಷರ ಲಘುವಾಗಿದ್ದರೂ ಬೇಕಾದರೆ ಗುರು ಅಂತ ಹಿಡಿಯಬಹುದು.

ಹೊಸಬರು ಮುಗ್ಗರಿಸುವುದು ಒತ್ತಕ್ಷರದಲ್ಲಿ. 3ನೇ ಸಾಲಿನ ‘ಮೆಲ್ಲನೆ’ ನೋಡಿ. ಕಣ್ಣಿಗೆ ದಪ್ಪಗೆ ಕಾಣುವುದು ‘ಲ್ಲ’. ಹಾಗಾಗಿ ಗುರು ಗುರುತನ್ನು ಅದರ ತಲೆ ಮೇಲೆ ಹಾಕಿಬಿಡುತ್ತಾರೆ. ಆದರೆ ಗುರುವಾಗುವುದು ಅದರ ಹಿಂದಿರುವ ‘ಮೆ’. ಬಾಯಲ್ಲಿ ಹೇಳಿ ನೋಡಿದರೆ ಗೊತ್ತಾಗುತ್ತದೆ: ಮೆಲ್-ಲ-ನೆ. ನಾಲಿಗೆ ‘ಮೆಲ್’ ಮೇಲೆ ಒಂದು ಕ್ಷಣ ಕೂರುತ್ತದೆ. ಒಟ್ಟು 2+1+1, ನಾಲ್ಕು ಮಾತ್ರೆ.

ಗಣ ಬಿಡಿಸುವುದು ಹೇಗೆ?

ಇಲ್ಲಿ ಗಣ ಅಂದರೆ ಒಟ್ಟಿಗೆ ಎಣಿಸುವ ಮಾತ್ರೆಗಳ ಗುಂಪು. ಮೊದಲ ಸಾಲು ತೆಗೆದುಕೊಳ್ಳಿ. ಹ-ಳೆ-ಯ ಮೂರೂ ಲಘು, 3 ಮಾತ್ರೆ. ಬಾ-ಗಿ-ಲು 2+1+1, 4 ಮಾತ್ರೆ. ತೆ-ರೆ-ಯಿ, 3. ತೇ-ಕೋ, 4. ಒಟ್ಟು 14. ಮೂರು-ನಾಲ್ಕು, ಮೂರು-ನಾಲ್ಕು. ಬಾಯಲ್ಲಿ ‘ತಕಿಟ ತಕಧಿಮಿ, ತಕಿಟ ತಕಧಿಮಿ’ ಅಂತ ಹೇಳಿಕೊಂಡು ಅದರ ಮೇಲೆ ಸಾಲನ್ನು ಕೂರಿಸಿ ನೋಡಿ. ಸರಿಯಾಗಿ ಕೂರುತ್ತದೆ.

ಗಣ ಪದದ ಜೊತೆಗೇ ಮುಗಿಯಬೇಕು ಅಂತಿಲ್ಲ. ‘ತೆರೆಯಿತೇಕೋ’ ಒಂದೇ ಪದ, ಆದರೆ ಗಣ ಅದನ್ನು ‘ತೆರೆಯಿ’ ಮತ್ತು ‘ತೇಕೋ’ ಅಂತ ಸೀಳುತ್ತದೆ. 5ನೇ ಸಾಲಿನಲ್ಲಿ ‘ಗಾಳಿಯುಲಿಯೋ’ ಕೂಡ ಹಾಗೇ: ‘ಗಾಳಿ’, ‘ಯುಲಿಯೋ’. ಪದ ಪದಕ್ಕೂ ಗಣ ನಿಂತರೆ ಸಾಲು ಕಲ್ಲು ಜೋಡಿಸಿದ ಹಾಗಿರುತ್ತದೆ. ಹೀಗೆ ಪದದ ನಡುವೆ ಗಣ ದಾಟಿದಾಗ ಹರಿವು ಬರುತ್ತದೆ.

ಎರಡನೇ ಸಾಲು 12 ಮಾತ್ರೆ: ಒಳಗೆ 3, ಯಾರೂ 4, ಇರದೆ 3, ಕೊನೆಯ ‘ಯೇ’ 2. ತಾಳಕ್ಕೆ ಇನ್ನೂ 2 ಬೇಕು. ಆ ಎರಡು ಮಾತ್ರೆ ಮೌನ. ಸಮಸಂಖ್ಯೆಯ ಸಾಲುಗಳೆಲ್ಲ ಹೀಗೇ ಸ್ವಲ್ಪ ಮುಂಚೆ ನಿಂತು ಕಾಯುತ್ತವೆ. ‘ಮರೆಯಲಿ’ ಅಂತ ಮುಗಿಯುವ 6 ಮತ್ತು 8ನೇ ಸಾಲು ಕಾಗದದ ಮೇಲೆ 11 ಮಾತ್ರೆ. ಓದುವಾಗ ಕೊನೆಯ ‘ಲಿ’ ತಾನಾಗಿ ಎಳೆಯುತ್ತದೆ, ಹಾಗಾಗಿ ಕಿವಿಗೆ 12.

ಮೂರು-ನಾಲ್ಕು ಅಂದರೆ ಇದು ಭಾಮಿನಿ ಷಟ್ಪದಿನಾ?

ಅಲ್ಲ. ನಡೆ ಅದೇ, ಕಟ್ಟು ಬೇರೆ. ಭಾಮಿನಿಗೆ ಆರು ಸಾಲು ಬೇಕು. 3 ಮತ್ತು 6ನೇ ಸಾಲು ಉದ್ದವಾಗಿದ್ದು ಕೊನೆಗೆ ಒಂದು ಗುರು ಬರಬೇಕು, ಆರೂ ಸಾಲಿಗೆ ಒಂದೇ ಆದಿಪ್ರಾಸ ಇರಬೇಕು. ಇಲ್ಲಿರುವುದು ಆ ನಡೆಯಲ್ಲಿ ಹೋಗುವ ನಾಲ್ಕು ಸಾಲಿನ ಚರಣ ಮಾತ್ರ.

ಗಣದ ಹೆಸರು ಹೇಳಿದ ಮೇಲೆ ಮುಂದೇನು? ಅದರಿಂದ ಕವಿತೆಗೆ ಏನಾಯಿತು ಅಂತ ಹೇಗೆ ಹೇಳುವುದು?

ಒಳ್ಳೆ ಪ್ರಶ್ನೆ. ಬಹಳಷ್ಟು ಬರಹಗಳು ‘ಇದು ಮೂರು-ನಾಲ್ಕು ಮಾತ್ರೆಯ ಗಣಗಳಲ್ಲಿದೆ’ ಅಂತ ಹೇಳಿ ಅಲ್ಲಿಗೇ ಕೈತೊಳೆದುಕೊಳ್ಳುತ್ತವೆ. ಅದು ವಿಶ್ಲೇಷಣೆ ಅಲ್ಲ, ಅಳತೆ.

ಅದೇ ಸಾಲನ್ನು ಬೇರೆ ನಡೆಗೆ ತಿರುಗಿಸಿ ನೋಡಿ. ‘ಹಳೆಯ ಬಾಗಿಲು ತೆರೆಯಿತೇಕೋ’ ಅನ್ನುವುದನ್ನು ನಾಲ್ಕು-ನಾಲ್ಕಕ್ಕೆ ಬದಲಾಯಿಸಿದರೆ ‘ಮುಚ್ಚಿದ ಬಾಗಿಲು ತೆರೆಯಿತು ಯಾಕೋ’ ಅಂತಾಗುತ್ತದೆ. ಹೆಜ್ಜೆ ಸಮ. ಮಾತು ಗಟ್ಟಿ. ಏನೋ ಕಥೆ ಹೇಳಲು ಹೊರಟ ಹಾಗೆ. ಮೂರು-ನಾಲ್ಕರಲ್ಲಿ ಹಾಗಲ್ಲ. ಒಂದು ಹೆಜ್ಜೆ ಗಿಡ್ಡ, ಒಂದು ಉದ್ದ. ನಡೆಯುತ್ತಾ ನಡೆಯುತ್ತಾ ಸ್ವಲ್ಪ ತಡೆದು ನೋಡಿದ ಹಾಗೆ. ನೆನಪು ಬರುವುದೂ ಹೆಚ್ಚುಕಡಿಮೆ ಹೀಗೇ ಅಲ್ವಾ? ಆದರೆ ಎಚ್ಚರ. ‘ಮೂರು-ನಾಲ್ಕು ಅಂದರೆ ನೆನಪಿನ ಲಯ’ ಅಂತ ಸೂತ್ರ ಮಾಡಬೇಡಿ. ಇದೇ ನಡೆಯಲ್ಲಿ ಯುದ್ಧವನ್ನೂ ವರ್ಣಿಸಿದ್ದಾರೆ, ಜಗಳವನ್ನೂ ಬರೆದಿದ್ದಾರೆ. ನಡೆ ಒಂದು ಸಾಧ್ಯತೆ ಕೊಡುತ್ತದೆ. ಈ ಕವಿತೆ ಅದನ್ನು ಹೇಗೆ ಬಳಸಿತು ಅನ್ನುವುದಷ್ಟೇ ನಮ್ಮ ಮಾತು.

ಒಂದು ಸಾಲಿನಲ್ಲಿ ಮಾತ್ರೆ ತಪ್ಪಿದೆ. ಅದಕ್ಕೆ ಅರ್ಥ ಇದೆಯಾ, ಇಲ್ಲ ಕವಿ ಎಡವಿದ್ದಾರಾ?

ಮೊದಲು ನೀವು ಎಡವಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ನನ್ನ ಅನುಭವದಲ್ಲಿ ಜಾಸ್ತಿ ಸಲ ತಪ್ಪಿರುವುದು ಎಣಿಸಿದವರೇ. ಪದದ ಕೊನೆಯ ಅಕ್ಷರದ ಮುಂದೆ, ಅಂದರೆ ಮುಂದಿನ ಪದದ ಮೊದಲಲ್ಲಿ ಒತ್ತಕ್ಷರ ಇದೆಯಾ ನೋಡಿ. ಹಳೆಯ ಪದ್ಯದಲ್ಲಿ ಅಲ್ಲಿ ಹಿಂದಿನ ಅಕ್ಷರ ಗುರುವಾಗುತ್ತದೆ. ಈಗಿನ ಗೀತೆಗಳಲ್ಲಿ ಎಷ್ಟೋ ಸಲ ಲಘುವಾಗಿಯೇ ಉಳಿಯುತ್ತದೆ. ಹಳಗನ್ನಡದಲ್ಲಿ ಶಿಥಿಲದ್ವಿತ್ವ ಅಂತ ಇನ್ನೊಂದಿದೆ. ಒತ್ತು ಇದ್ದರೂ ತೇಲಿಸಿ ಉಚ್ಚರಿಸುವುದರಿಂದ ಹಿಂದಿನದು ಲಘುವೇ.

ಇದೆಲ್ಲ ನೋಡಿದ ಮೇಲೂ ತಪ್ಪಿದ್ದರೆ ಎರಡು ಪ್ರಶ್ನೆ ಕೇಳಿ. ಕವಿತೆಯಲ್ಲಿ ಬೇರೆಲ್ಲೂ ಹೀಗೆ ತಪ್ಪಿಲ್ಲವಾ? ತಪ್ಪಿದ ಜಾಗದಲ್ಲಿ ಅರ್ಥವೂ ಏನಾದರೂ ಮುರಿಯುತ್ತಿದೆಯಾ? ಎರಡಕ್ಕೂ ಹೌದು ಅಂತಾದರೆ ಮಾತ್ರ ಅದನ್ನು ಹಿಡಿದುಕೊಳ್ಳಿ. ಹತ್ತು ಕಡೆ ಮಾತ್ರೆ ತಪ್ಪಿದ ಕವಿತೆಯ ಹನ್ನೊಂದನೇ ತಪ್ಪಿನಲ್ಲಿ ತತ್ತ್ವ ಹುಡುಕಬೇಡಿ. ಅದು ಬರೀ ಅಜಾಗರೂಕತೆ.

ನಮ್ಮ ಕವಿತೆಯಲ್ಲಿ 11ನೇ ಸಾಲು ನೋಡಿ. ‘ಅವಳ’ 3 ಮಾತ್ರೆ. ಸರಿ. ‘ಹೆಸರು’ 3 ಮಾತ್ರೆ. ಬೇಕಿದ್ದದ್ದು 4. ಗಣ ತುಂಬುವ ಮೊದಲೇ ಸಾಲು ನಿಂತುಹೋಯಿತು. 14 ಬರಬೇಕಾದಲ್ಲಿ 6. ಉಳಿದ 8 ಮಾತ್ರೆ ಮೌನ. ಮೊದಲ ಹತ್ತು ಸಾಲು ತಾಳ ತಪ್ಪಿಲ್ಲ. ಅಂದಮೇಲೆ ಇಲ್ಲಿ ಕಿವಿ ತಟ್ಟನೆ ನಿಲ್ಲುತ್ತದೆ. ನಿಂತದ್ದೂ ಯಾವುದರ ಮೇಲೆ? ‘ಹೆಸರು’ ಅನ್ನುವ ಪದದ ಮೇಲೆ. ಹೆಸರು ಮಾತ್ರ ಬರಲಿಲ್ಲ. ಬಾಗಿಲು ನೆನಪಿದೆ, ಬೆಳಕು ನೆನಪಿದೆ, ಹೊಸಿಲು ಸವೆದಿದ್ದೂ ನೆನಪಿದೆ. ಹೆಸರು ನಾಲಿಗೆ ತುದಿಯಲ್ಲಿ ಉಳಿಯಿತು. ‘ಮರೆತೆ’ ಅಂತ ಕವಿತೆ ಎಲ್ಲೂ ಹೇಳುವುದಿಲ್ಲ. ಎಂಟು ಮಾತ್ರೆ ಸುಮ್ನೆ ಇರುತ್ತದೆ.

ಪ್ರಾಸ ಅಂದರೆ ಸಾಲಿನ ಕೊನೆಯಲ್ಲಿ ಬರುವುದು ತಾನೇ?

ಈಗ ಹಾಗೆ ಅಂದುಕೊಳ್ಳುತ್ತೇವೆ. ಕನ್ನಡದ ಹಳೇ ಪ್ರಾಸ ಸಾಲಿನ ಶುರುವಿನಲ್ಲಿತ್ತು. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಅದೇ ಆದಿಪ್ರಾಸ, ದ್ವಿತೀಯಾಕ್ಷರ ಪ್ರಾಸ ಅಂತಲೂ ಹೇಳುತ್ತಾರೆ. ಶತಮಾನಗಳ ಕಾಲ ಇದಿಲ್ಲದೆ ಪದ್ಯವೇ ಇಲ್ಲ ಅನ್ನುವ ಸ್ಥಿತಿ ಇತ್ತು. 1911ರಲ್ಲಿ ಗೋವಿಂದ ಪೈ ಅದನ್ನು ಬಿಟ್ಟು ಬರೆದಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿ.

ಮೊದಲ ಚರಣದ ಸಾಲುಗಳ ತಲೆ ನೋಡಿ: ಹಳೆಯ, ಒಳಗೆ, ಬೆಳಕು, ಬಳಿಗೆ. ನಾಲ್ಕರಲ್ಲೂ ಎರಡನೇ ಅಕ್ಷರ ‘ಳ’ಕಾರ. ಳೆ, ಳ, ಳಿ ಅಂತ ಸ್ವರ ಬೇರೆ ಆದರೂ ಪರವಾಗಿಲ್ಲ, ವ್ಯಂಜನ ಒಂದೇ ಇರಬೇಕು ಅಷ್ಟೇ. ಜೊತೆಗೆ ಅಂತ್ಯಪ್ರಾಸವೂ ಇದೆ. ತೆರೆಯಿತೇಕೋ–ಕರೆಯಿತೇಕೋ, ಇರದೆಯೇ–ಬಿಡದೆಯೇ. ಅಂದರೆ ಮೊದಲ ಚರಣ ಎರಡೂ ಕಡೆ ಹೊಲಿಗೆ ಹಾಕಿದ ಬಟ್ಟೆ. ಬಿಗಿಯಾಗಿದೆ.

ಎರಡನೇ ಚರಣದಲ್ಲಿ ಹೊಲಿಗೆ ಬಿಡುತ್ತಾ ಹೋಗುತ್ತದೆ. ಅವಳ, ಕವಿದ, ಸವೆದ, ಇಲ್ಲಿಯವರೆಗೆ ‘ವ’ಕಾರ ಸರಿಯಾಗಿದೆ. ನಾಲ್ಕನೇ ಸಾಲು ‘ಹೇಗೆ’. ಪ್ರಾಸ ಹೋಯಿತು. ಮೊದಲ ಅಕ್ಷರ ಕೂಡ ಇಷ್ಟು ಹೊತ್ತು ಲಘುವಾಗಿದ್ದದ್ದು ಈಗ ಗುರು. ಸಾಲಿನ ಕೊನೆಯಲ್ಲೂ ಅಷ್ಟೇ. ತೆರೆಯಿತೇಕೋ–ಕರೆಯಿತೇಕೋದಲ್ಲಿ ಮೂರ್ನಾಲ್ಕು ಅಕ್ಷರ ಹೊಂದುತ್ತಿತ್ತು, ಗಾಳಿಯುಲಿಯೋ–ನೆರಳೋದಲ್ಲಿ ಹೊಂದುವುದು ಬರೀ ‘ಓ’. ಪ್ರಾಸ ತೆಳುವಾಯಿತು. ‘ಹೇಗೆ ನಾನದ ಮರೆಯಲಿ’ ಅಂತ ಕೇಳುವ ಸಾಲಿನಲ್ಲೇ ತಲೆಪ್ರಾಸ ಮರೆತುಹೋಗಿದೆ ಅನ್ನುವುದು ನನಗೆ ಇಷ್ಟವಾದ ಜಾಗ.

ಮೂರನೇ ಚರಣದಲ್ಲಿ ‘ಳ’ಕಾರ ವಾಪಸ್ ಬರುತ್ತದೆ: ಹಳೆಯ, ಒಳಗೆ, ಬಳಿಗೆ. ನಡುವೆ ಒಂದೇ ಒಂದು ಬೇರೆ: ‘ಅವಳ’. ಅದರ ಎರಡನೇ ಅಕ್ಷರ ‘ವ’. ಎರಡನೇ ಚರಣದ ಪ್ರಾಸ. ಒಂದು ಕೋಣೆಯ ಸಾಮಾನು ಇನ್ನೊಂದು ಕೋಣೆಯಲ್ಲಿ ಸಿಕ್ಕಿದ ಹಾಗೆ. ಇನ್ನೊಂದು ನೋಡಿ, ಆ ಜಾಗದಲ್ಲಿ ಮೊದಲ ಚರಣದಲ್ಲಿ ಇದ್ದ ಪದ ‘ಬೆಳಕು’. ಅದು ವಾಪಸ್ ಬರಲೇ ಇಲ್ಲ.

ಸಿಂಹಪ್ರಾಸ, ಗಜಪ್ರಾಸ ಅಂತ ಆರು ಹೆಸರಿದೆಯಲ್ಲ, ಅವೆಲ್ಲ ಬೇಕಾ?

ಗೊತ್ತಿದ್ದರೆ ಒಳ್ಳೆಯದು. ಪ್ರಾಸಾಕ್ಷರದ ಹಿಂದಿನ ಅಕ್ಷರ ಹ್ರಸ್ವವಾಗಿದ್ದರೆ ಸಿಂಹ, ದೀರ್ಘವಾಗಿದ್ದರೆ ಗಜ, ಅನುಸ್ವಾರ ಇದ್ದರೆ ವೃಷಭ, ವಿಸರ್ಗ ಇದ್ದರೆ ಅಜ. ಪ್ರಾಸಾಕ್ಷರ ಬೇರೆ ವ್ಯಂಜನಗಳ ಸಂಯುಕ್ತವಾಗಿದ್ದರೆ ಶರಭ, ಅದೇ ವ್ಯಂಜನದ ಒತ್ತಾಗಿದ್ದರೆ ಹಯ. ನಮ್ಮ ಮೊದಲ ಚರಣ ಸಿಂಹಪ್ರಾಸ. ಆದರೆ ಹೆಸರು ಬರೆದ ಮಾತ್ರಕ್ಕೆ ಅಂಕ ಸಿಗಬಹುದೇ ಹೊರತು ಕವಿತೆ ಸಿಗುವುದಿಲ್ಲ.

ಪುನರಾವರ್ತನೆಯನ್ನು ಹೇಗೆ ನೋಡಬೇಕು? ‘ಅದೇ ಸಾಲು ಮತ್ತೆ ಬಂದಿದೆ’ ಅನ್ನುವುದರ ಮುಂದೆ ನನಗೆ ಏನೂ ತೋಚುವುದಿಲ್ಲ.

ಎಲ್ಲರಿಗೂ ಇಲ್ಲೇ ಗಾಡಿ ನಿಲ್ಲುವುದು. ಒಂದು ಸಣ್ಣ ಉಪಾಯ ಹೇಳುತ್ತೇನೆ. ಮತ್ತೆ ಬಂದ ಸಾಲುಗಳನ್ನು ಒಂದರ ಕೆಳಗೊಂದು ಬರೆಯಿರಿ. ಹಿಂದಿನ ಸಾಲು, ಮುಂದಿನ ಸಾಲು ಸೇರಿಸಿ. ಆಮೇಲೆ ಕೇಳಿ: ಏನು ಬದಲಾಯಿತು? ಸಾಲು ಬದಲಾಗಿದ್ದರೆ ಅದು ಕಾಣುತ್ತದೆ. ಸಾಲು ಬದಲಾಗದಿದ್ದರೆ ಅದರ ಸುತ್ತಲಿನದು ಬದಲಾಗಿರುತ್ತದೆ.

ನಮ್ಮ ಕವಿತೆಯಲ್ಲಿ ನಾಲ್ಕು ಬಗೆ ಸಿಗುತ್ತದೆ.

ಮೊದಲನೆಯದು ಅಕ್ಷರ ಅಕ್ಷರವೂ ಹಾಗೇ ಬಂದ ಸಾಲು. 1ನೇ ಸಾಲು 9ರಲ್ಲಿ ಬರುತ್ತದೆ. ಮೊದಲ ಸಲ ಓದಿದಾಗ ಅದು ಬರೀ ಅಚ್ಚರಿ. ಎರಡನೇ ಸಲ ಬರುವಷ್ಟರಲ್ಲಿ ದನಿ, ನೆರಳು ಎಲ್ಲ ನೋಡಿ ಆಗಿದೆ, ಹಾಗಾಗಿ ಅದೇ ಸಾಲಿಗೆ ಸ್ವಲ್ಪ ಭಯ ಅಂಟಿಕೊಂಡಿದೆ. 4ನೇ ಸಾಲು 12ರಲ್ಲಿ ಬರುವುದು ಇನ್ನೂ ಚೆನ್ನಾಗಿದೆ. ‘ಬಳಿಗೆ ನನ್ನನು ಬಿಡದೆಯೇ’. ಮೊದಲ ಸಲ ಬಿಡದೆ ಇರುವುದು ಬೆಳಕು. ಕೊನೆಗೆ ಬಿಡದೆ ಇರುವುದು ಹೆಸರು. ಸಾಲು ಕೂದಲೆಳೆಯಷ್ಟೂ ಬದಲಾಗಿಲ್ಲ, ಕರ್ತೃ ಬದಲಾಗಿದೆ. ಮೊದಲಲ್ಲಿ ಆ ಸಾಲು ಒಂದು ಪ್ರಶ್ನೆಯ ಬಾಲವಾಗಿತ್ತು. ಕೊನೆಗೆ ಅದರ ಹಿಂದೆ ಮುಗಿಯದ ಸಾಲು ಮಾತ್ರ ಇದೆ. ಹಿಡಿದುಕೊಳ್ಳಲು ಕ್ರಿಯಾಪದವೇ ಇಲ್ಲ.

ಎರಡನೆಯದು ಸ್ವಲ್ಪ ತಪ್ಪಾಗಿ ಬಂದ ಸಾಲು. ‘ಒಳಗೆ ಯಾರೂ ಇರದೆಯೇ’ ಅನ್ನುವುದು ‘ಒಳಗೆ ಯಾರೋ ಇರುವರೇ’ ಆಗಿದೆ. ‘ರೂ’ ಹೋಗಿ ‘ರೋ’. ಎರಡೂ ಗುರು, ಹಾಗಾಗಿ ತಾಳಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ಯಾರೂ ಇಲ್ಲ ಅಂದವರು ಯಾರೋ ಇದ್ದಾರಾ ಅಂತ ಕೇಳುತ್ತಿದ್ದಾರೆ. ಕೊನೆಯ ‘ಏ’ ಕೂಡ ಗಮನಿಸಿ. ‘ಇರದೆಯೇ’ ಅನ್ನುವಲ್ಲಿ ಅದು ಒತ್ತಿ ಹೇಳುವ ‘ಏ’. ‘ಇರುವರೇ’ ಅನ್ನುವಲ್ಲಿ ಕೇಳುವ ‘ಏ’. ಕನ್ನಡದಲ್ಲಿ ಒಂದೇ ಸ್ವರ ಈ ಎರಡೂ ಕೆಲಸ ಮಾಡುತ್ತದೆ. ಖಾತ್ರಿಯ ಸ್ವರವೇ ಅನುಮಾನದ ಸ್ವರವಾಗುವುದಕ್ಕೆ ಬೇರೇನೂ ಬೇಕಾಗಲಿಲ್ಲ.

ಮೂರನೆಯದು ಪದ ಅದೇ, ಅರ್ಥ ಬೇರೆ. 6ನೇ ಸಾಲಿನ ‘ಮರೆಯಲಿ’ ಅಂದರೆ ಮಂಜಿನ ಹಿಂದೆ, ಮರೆಯಲ್ಲಿ. 8ನೇ ಸಾಲಿನ ‘ಮರೆಯಲಿ’ ಅಂದರೆ ಮರೆತುಬಿಡಲಿ. ಒಂದು ನಾಮಪದ, ಇನ್ನೊಂದು ಕ್ರಿಯಾಪದ. ಕಣ್ಣಿಗೆ ಮರೆಯಾಗುವುದಕ್ಕೂ ಮನಸ್ಸಿಗೆ ಮರೆಯುವುದಕ್ಕೂ ನಡುವೆ ಸದ್ದಿನಲ್ಲಿ ವ್ಯತ್ಯಾಸವೇ ಇಲ್ಲ. ಬೇರೆ ಭಾಷೆಗೆ ಇದನ್ನು ದಾಟಿಸಲು ಹೋದವರು ಪರದಾಡಬೇಕಾಗುತ್ತದೆ.

ನಾಲ್ಕನೆಯದು ಬರೀ ಸದ್ದು. ಪದದ ಕೊನೆಯ ‘ಓ’ ಎಷ್ಟು ಸಲ ಬಂದಿದೆ ಎಣಿಸಿ: ತೆರೆಯಿತೇಕೋ, ಕರೆಯಿತೇಕೋ, ದನಿಯೋ, ಗಾಳಿಯುಲಿಯೋ, ನೆರಳೋ, ಮತ್ತೆ ತೆರೆಯಿತೇಕೋ, ಯಾರೋ. ಏಳು ಸಲ. ಎಲ್ಲವೂ ಸಂಶಯದ ‘ಓ’. ಹನ್ನೆರಡು ಸಾಲಿನಲ್ಲಿ ಖಚಿತವಾಗಿ ‘ಇದು ಹೀಗಿತ್ತು’ ಅಂತ ಹೇಳಿದ್ದು ಬಹಳ ಕಡಿಮೆ.

ಹಾಗೇ, ಬಾರದೆ ಇದ್ದದ್ದನ್ನೂ ನೋಡಿ. ನೆನಪಿನ ಕವಿತೆ ಅಂತ ಇಷ್ಟು ಹೊತ್ತು ಮಾತಾಡಿದೆವು. ‘ನೆನಪು’ ಅನ್ನುವ ಪದ ಇದರಲ್ಲಿ ಎಲ್ಲೂ ಇಲ್ಲ.

ಪಲ್ಲವಿಯೂ ಪುನರಾವರ್ತನೆಯೇ ಅಲ್ವಾ? ಅದಕ್ಕೂ ಹೀಗೇ ಅರ್ಥ ಹುಡುಕಬೇಕಾ?

ಪಲ್ಲವಿ ಬರುತ್ತದೆ ಅಂತ ಕೇಳುವವರಿಗೆ ಮೊದಲೇ ಗೊತ್ತಿರುತ್ತದೆ. ಬರುವ ಜಾಗವೂ ಗೊತ್ತು. ಅದು ಕಟ್ಟಿನ ಭಾಗ, ಹಾಡಿನ ಉಸಿರು. ಪ್ರತಿ ಸಲ ಹೊಸ ಅರ್ಥ ತುರುಕಲು ಹೋದರೆ ನಗು ಬರುತ್ತದೆ. ಹೇಳದೆ ಕೇಳದೆ ಬಂದ ಸಾಲಿನ ಮೇಲೆ ಜಾಸ್ತಿ ಹೊತ್ತು ಕೂರಿ. ಪಲ್ಲವಿ ಇದ್ದಕ್ಕಿದ್ದಂತೆ ಬಾರದೆ ಹೋದರೆ, ಆಗ ಅದರ ಬಗ್ಗೆಯೂ ಬರೆಯಿರಿ.

ಬೇರೆ ಭಾಷೆಗಳಲ್ಲೂ ನೆನಪಿನ ಕವಿತೆಗೆ ಇಂಥ ಕಟ್ಟುಗಳಿವೆಯಾ?

ಇವೆ. ಗಜಲ್‌ನಲ್ಲಿ ರದೀಫ್ ಅಂತ ಒಂದು ಪದವೋ ಪದಗುಚ್ಛವೋ ಪ್ರತಿ ದ್ವಿಪದಿಯ ಕೊನೆಗೆ ಹಾಗೇ ಬರುತ್ತದೆ. ಮೊದಲ ದ್ವಿಪದಿಯಲ್ಲಂತೂ ಎರಡೂ ಸಾಲಿನ ಕೊನೆಗೆ. ಅದರ ಹಿಂದೆಯೇ ಪ್ರಾಸ ಹೊಂದುವ ಕಾಫಿಯಾ ಇರುತ್ತದೆ. ನಮ್ಮ ತೆರೆಯಿತೇಕೋ–ಕರೆಯಿತೇಕೋ ಕೂಡ ಚಿಕ್ಕದಾಗಿ ಹೀಗೇ. ‘ಯಿತೇಕೋ’ ಹಾಗೇ ನಿಂತಿದೆ, ಅದರ ಹಿಂದೆ ತೆರೆ–ಕರೆ ಪ್ರಾಸ. ಒಂದೇ ಪದಕ್ಕೆ ಬೇರೆ ಬೇರೆ ದಾರಿಯಿಂದ ಬಂದು ಸೇರುವುದು ನೆನಪಿನ ವಸ್ತುವಿಗೆ ತುಂಬಾ ಒಗ್ಗುತ್ತದೆ.

ವಿಲನೆಲ್ ಅಂತ ಯುರೋಪಿನ ಒಂದು ಕಟ್ಟಿದೆ. 19 ಸಾಲು. ಮೊದಲ ಚರಣದ 1 ಮತ್ತು 3ನೇ ಸಾಲು ಮುಂದಿನ ಚರಣಗಳ ಕೊನೆಗೆ ಸರದಿಯಂತೆ ಬರುತ್ತವೆ, ಕೊನೆಯ ಚರಣದಲ್ಲಿ ಎರಡೂ ಜೊತೆಯಾಗುತ್ತವೆ. ಬಿಟ್ಟುಬಿಡಬೇಕು ಅಂದರೂ ಬಿಡದ ಯೋಚನೆಗೆ ಹೇಳಿ ಮಾಡಿಸಿದ ಕಟ್ಟು.

ಪ್ರಾಸದ ವಿಷಯಕ್ಕೆ ಬಂದರೆ, ಇಂಗ್ಲಿಷ್ ಕವಿ ಟೆನಿಸನ್ ತೀರಿಹೋದ ಗೆಳೆಯನ ನೆನಪಿನಲ್ಲಿ ಬರೆದು 1850ರಲ್ಲಿ ಪ್ರಕಟಿಸಿದ ನೀಳ್ಗವನದ ಚರಣ ನೋಡಬೇಕು. ನಾಲ್ಕು ಸಾಲು, ಪ್ರಾಸ ಅ-ಬ-ಬ-ಅ. ಮೊದಲ ಸಾಲಿನ ಸದ್ದು ದೂರ ಹೋಗುತ್ತದೆ. ನಡುವಿನ ಎರಡು ಸಾಲು ತಮ್ಮಲ್ಲೇ ಪ್ರಾಸ ಹೊಂದಿಸಿಕೊಂಡು ಅದನ್ನು ಮರೆಸುತ್ತವೆ. ಇನ್ನು ಬರಲಿಕ್ಕಿಲ್ಲ ಅನ್ನುವಾಗ ನಾಲ್ಕನೇ ಸಾಲಿನ ಕೊನೆಗೆ ವಾಪಸ್ ಬರುತ್ತದೆ. ನೂರಾರು ಚರಣ ಇದೇ ರೀತಿ.

ಅನುವಾದವಾದ ಕವಿತೆಯಲ್ಲಿ ಛಂದಸ್ಸು ನೋಡಬಹುದಾ?

ಅನುವಾದದ ಛಂದಸ್ಸು ನೋಡಬಹುದು, ಮೂಲದ್ದಲ್ಲ. ಸಾಲುಗಳ ಪುನರಾವರ್ತನೆ ಸಾಮಾನ್ಯವಾಗಿ ದಾಟಿ ಬರುತ್ತದೆ. ಪ್ರಾಸ ಬಂದರೆ ಅದು ಅನುವಾದಕರ ದುಡಿಮೆ, ಹಾಗೇ ಹೇಳಿ.

ಕವಿತೆ ಮುಕ್ತಛಂದದಲ್ಲಿದ್ದರೆ ಏನು ಮಾಡುವುದು? ಎಣಿಸಲು ಏನೂ ಇಲ್ಲವಲ್ಲ.

ಇದೆ. ಮಾತ್ರೆ ಇಲ್ಲದಿದ್ದರೂ ಉಸಿರು ಇರುತ್ತದೆ. ಸಾಲು ಎಲ್ಲಿ ಮುರಿದಿದೆ ನೋಡಿ. ವಾಕ್ಯ ಮುಗಿದಲ್ಲಿ ಮುರಿದಿದೆಯಾ, ನಡುವೆ ಮುರಿದಿದೆಯಾ? ಒಂದೇ ಅಚ್ಚಿನ ವಾಕ್ಯ ಎಷ್ಟು ಸಲ ಬಂದಿದೆ? ನೆನಪಿನ ಮುಕ್ತಛಂದದಲ್ಲಿ ‘ಆಗ... ಆಗ... ಆಗ...’ ಅಂತ ಶುರುವಾಗುವ ಸಾಲುಗಳು ತುಂಬಾ ಸಿಗುತ್ತವೆ. ಆ ಸರಣಿ ಮುರಿದು ಮೊದಲ ‘ಈಗ’ ಎಲ್ಲಿ ಬಂತು ಅಂತ ಹುಡುಕಿ. ಕ್ರಿಯಾಪದದ ಕಾಲ ಅಲ್ಲೇ ಬದಲಾಗಿದೆಯಾ, ಅದಕ್ಕೂ ಮೊದಲೇ ಕದ್ದು ಬದಲಾಗಿದೆಯಾ? ನನ್ನ ಪ್ರಕಾರ ಮುಕ್ತಛಂದದಲ್ಲಿ ಪುನರಾವರ್ತನೆಯ ಮೇಲೆ ಭಾರ ಜಾಸ್ತಿ. ಛಂದಸ್ಸು, ಪ್ರಾಸ ಮಾಡಬೇಕಾದ ಕೆಲಸವನ್ನೂ ಅದೇ ಹೊರುತ್ತದೆ.

ಕವಿ ಇಷ್ಟೆಲ್ಲ ಯೋಚಿಸಿ ಬರೆಯುತ್ತಾರಾ? ನಾವೇ ಸುಮ್ನೆ ಕಲ್ಪಿಸಿಕೊಳ್ಳುತ್ತಿಲ್ಲವಾ?

ಈ 12 ಸಾಲಿನ ಮಟ್ಟಿಗೆ ಸತ್ಯ ಹೇಳುತ್ತೇನೆ. 11ನೇ ಸಾಲನ್ನು ಬೇಕೆಂದೇ ಮುರಿದದ್ದು. ಯಾರೂ–ಯಾರೋ ಕೂಡ ಬೇಕೆಂದೇ. ‘ಮರೆಯಲಿ’ ಎರಡು ಸಲ ಬಂದದ್ದು ಪ್ರಾಸ ಸಿಗದೆ ಒದ್ದಾಡುವಾಗ ಕೈಗೆ ಸಿಕ್ಕಿದ್ದು. ಸಿಕ್ಕಮೇಲೆ ಬಿಡಲಿಲ್ಲ. ‘ಅವಳ’ ಅನ್ನುವಲ್ಲಿ ಎರಡನೇ ಚರಣದ ‘ವ’ಕಾರ ವಾಪಸ್ ಬಂದಿದೆ ಅನ್ನುವುದು ಬರೆಯುವಾಗ ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಪ್ರಾಸ ಗುರುತು ಹಾಕುವಾಗ ಕಂಡಿತು. ‘ಬೆಳಕು’ ಹೋಗಿದ್ದು ಕಂಡಿದ್ದಂತೂ ಇನ್ನೂ ತಡವಾಗಿ.

ಹಾಗಾಗಿ ‘ಕವಿ ಉದ್ದೇಶಪೂರ್ವಕವಾಗಿ’ ಅಂತ ಬರೆಯುವುದನ್ನು ಬಿಟ್ಟುಬಿಡಿ. ನಮಗೆ ಕವಿಯ ತಲೆ ಕಾಣುವುದಿಲ್ಲ. ‘ಈ ಸಾಲಿನಲ್ಲಿ ಹೀಗಾಗಿದೆ’ ಅಂತ ಬರೆಯಿರಿ. ಅದಕ್ಕೆ ಸಾಕ್ಷಿ ಕಾಗದದ ಮೇಲೇ ಇದೆ.

ವಿಶ್ಲೇಷಣೆ ಬರೆಯುವಾಗ ವಾಕ್ಯ ಹೇಗಿರಬೇಕು?

‘ಈ ಕವಿತೆಯಲ್ಲಿ ಪುನರಾವರ್ತನೆಯು ಭಾವವನ್ನು ತೀವ್ರಗೊಳಿಸಿದೆ.’ ಈ ವಾಕ್ಯವನ್ನು ನಾನು ಲೆಕ್ಕವಿಲ್ಲದಷ್ಟು ಸಲ ಓದಿದ್ದೇನೆ. ತಪ್ಪಲ್ಲ. ಆದರೆ ಇದನ್ನು ಎತ್ತಿ ಬೇರೆ ಯಾವ ಕವಿತೆಯ ಕೆಳಗೆ ಅಂಟಿಸಿದರೂ ಕೂರುತ್ತದೆ. ನೀವು ಬರೆದ ವಾಕ್ಯಕ್ಕೆ ಈ ಪರೀಕ್ಷೆ ಮಾಡಿ. ಬೇರೆ ಕವಿತೆಗೂ ಹೊಂದಿದರೆ ಹೊಡೆದುಹಾಕಿ.

ಅದರ ಬದಲು ಹೀಗೆ: ‘2ನೇ ಸಾಲಿನ ಯಾರೂ 10ನೇ ಸಾಲಿನಲ್ಲಿ ಯಾರೋ ಆಗುತ್ತದೆ. ಮಾತ್ರೆ ಬದಲಾಗದೆ ಅರ್ಥ ಮಾತ್ರ ತಿರುಗುವುದರಿಂದ, ಓದುವವರಿಗೆ ಬದಲಾವಣೆ ತಕ್ಷಣ ತಿಳಿಯುವುದಿಲ್ಲ.’ ಸಾಲಿನ ಸಂಖ್ಯೆ, ಅಲ್ಲಿ ಏನಾಗಿದೆ, ಅದರಿಂದ ಏನಾಯಿತು. ಮೂರೂ ಇದೆ. ಎಲ್ಲ 12 ಸಾಲಿನ ಬಗ್ಗೆಯೂ ಬರೆಯಬೇಕಿಲ್ಲ. ಮೂರು ಜಾಗ ಹಿಡಿದು ಚೆನ್ನಾಗಿ ಬರೆದರೆ ಸಾಕು.

ಮಾತ್ರೆ ಎಣಿಸಲು ಕಂಪ್ಯೂಟರ್ ಬಳಸಿದರೆ ತಪ್ಪಾ?

ತಪ್ಪೇನಿಲ್ಲ. ಲಘು–ಗುರು ನಿಯಮ ಅದಕ್ಕೂ ಬರುತ್ತದೆ. 11ನೇ ಸಾಲಿಗೆ 6 ಅಂತ ಸರಿಯಾಗಿಯೇ ಹೇಳುತ್ತದೆ. ಉಳಿದ 8 ಎಲ್ಲಿ ಹೋಯಿತು ಅಂತ ನೀವು ಕೇಳಬೇಕು.

ಇಷ್ಟೆಲ್ಲ ಬಿಡಿಸಿದ ಮೇಲೆ ಕವಿತೆ ಮತ್ತೆ ಕವಿತೆಯಾಗಿ ಉಳಿಯುತ್ತದಾ?

ಒಂದೆರಡು ದಿನ ಉಳಿಯುವುದಿಲ್ಲ, ನಿಜ. ಎಲ್ಲಿ ನೋಡಿದರೂ 3, 4 ಅಂತಲೇ ಕಾಣುತ್ತದೆ. ಗುರುತು ಹಾಕಿದ ಹಾಳೆಯನ್ನು ಎತ್ತಿಡಿ. ವಾರ ಬಿಟ್ಟು, ಕಾಗದ ನೋಡದೆ ಕವಿತೆಯನ್ನು ಬಾಯಿಂದ ಹೇಳಲು ನೋಡಿ. ಪ್ರಾಸ ಗಟ್ಟಿಯಾಗಿರುವ ಸಾಲು ಮೊದಲು ಬರುತ್ತದೆ. ತಾಳ ಇರುವುದರಿಂದ ಪದ ಮರೆತರೂ ಅದರ ಅಳತೆ ನೆನಪಿರುತ್ತದೆ, ಬಾಯಿ ‘ತಕಿಟ ತಕಧಿಮಿ’ ಅಂತ ಆ ಜಾಗವನ್ನು ತುಂಬುತ್ತದೆ. ಎಲ್ಲಿ ತಪ್ಪಿದಿರಿ ಅಂತ ಆಮೇಲೆ ಹಾಳೆ ತೆಗೆದು ನೋಡಿ.

ನಾನು ಪ್ರತಿ ಸಲ ತಪ್ಪುವುದು ಎರಡನೇ ಸಾಲಿನಲ್ಲಿ. ‘ಯಾರೂ’ ಅನ್ನಬೇಕಾದಲ್ಲಿ ‘ಯಾರೋ’ ಅಂತ ಬಂದುಬಿಡುತ್ತದೆ.